ಲಂಡನ್ನಿನ ಆದಿ ನಾಟಕಶಾಲೆಗಳು (1567–1642)

ಒಂದನೆಯ ಎಲಿಜಬೆತ್ ಮತ್ತು ಅವಳ ನಂತರದ ಇಬ್ಬರು ಅರಸರ ಕಾಲದಲ್ಲಿ ಲಂಡನ್ ನಗರಾಡಳಿತದ ಹದ್ದಿನ ಆಚೆ, ಕಾಸು ಕೊಟ್ಟವರಿಗೆಲ್ಲ ತೆರೆದಿದ್ದ ಮರದ ರಂಗಮಂದಿರಗಳು. ಮಾರ್ಲೊ, ಷೇಕ್ಸ್‌ಪಿಯರ್, ಬೆನ್ ಜಾನ್ಸನ್ ಇವರ ನಾಟಕಗಳು ಜನಸಾಮಾನ್ಯರನ್ನು ಮುಟ್ಟಿದ್ದು ಇಲ್ಲಿಂದ. ಹಳೆಯ ಕೈಪಿಡಿಗಳು ಈ ಚರಿತ್ರೆಯನ್ನು 1576ರಿಂದ ಆರಂಭಿಸುತ್ತವೆ. ನಾಟಕಶಾಲೆಯೆಂದರೆ ದುಂಡನೆಯ ಕಟ್ಟಡವೆಂದೇ ಚಿತ್ರಿಸುತ್ತವೆ. ಈ ಎರಡು ಮಾತನ್ನೂ ಈಗ ತಿದ್ದಬೇಕಾಗಿದೆ.

ರೆಡ್ ಲಯನ್: ದಿನಸಿ ವ್ಯಾಪಾರಿ ಜಾನ್ ಬ್ರೇನ್ 1567ರಲ್ಲಿ ವೈಟ್‌ಚಾಪೆಲ್‌ನ ಆಚೆಗಿದ್ದ ಈ ಹೆಸರಿನ ಜಮೀನಿನಲ್ಲಿ ರಂಗವನ್ನೂ ಪ್ರೇಕ್ಷಕರ ಅಟ್ಟಣೆಗಳನ್ನೂ ಕಟ್ಟಿಸಿದ. ಅವನು ಬಡಗಿಗಳೊಡನೆ ಜಗಳವಾಡದಿದ್ದರೆ ಇದರ ಸುದ್ದಿಯೇ ನಮಗೆ ತಲುಪುತ್ತಿರಲಿಲ್ಲ. ಮೊದಲ ತಕರಾರಿನ ಕಾಗದದಲ್ಲಿ ಸ್ಯಾಮ್ಸನ್ನನ ಕಥೆಯ ನಾಟಕವೊಂದರ ಪ್ರಸ್ತಾಪವಿದೆ. ಅದರ ಪಠ್ಯ ಉಳಿದಿಲ್ಲ. ಇಷ್ಟನ್ನೇ ನೆಚ್ಚಿ ವಿದ್ವಾಂಸರು ಬಹುಕಾಲ ರೆಡ್ ಲಯನ್ನನ್ನು ಒಂದು ಛತ್ರದ ಅಂಗಳವೆಂದು ತಿಳಿದಿದ್ದರು. 1569ರ ಎರಡನೆಯ ವ್ಯಾಜ್ಯದ ದಾಖಲೆಯನ್ನು ಜಾನೆಟ್ ಲೋಯೆನ್‌ಗಾರ್ಡ್ 1983ರಲ್ಲಿ ಪ್ರಕಟಿಸಿದ ಮೇಲೆ ಅಳತೆಗಳು ಸಿಕ್ಕವು: ರಂಗದ ಉದ್ದ 40 ಅಡಿ, ಅಗಲ 30 ಅಡಿ, ಎತ್ತರ 5 ಅಡಿ. 2019ರಲ್ಲಿ ಸ್ಟೆಪ್ನಿ ವೇ ಬೀದಿಯ ನಿವೇಶನವೊಂದನ್ನು ಅಗೆದಾಗ 12.27 ಮೀಟರ್ ಉದ್ದ, 9.27 ಮೀಟರ್ ಅಗಲದ ಮರದ ಚೌಕಟ್ಟು ಹೊರಬಂತು. ನ್ಯಾಯಾಲಯದ ಕಾಗದಕ್ಕೂ ನೆಲಕ್ಕೂ ಅರ್ಧ ಅಡಿಯಷ್ಟೂ ಅಂತರವಿಲ್ಲ. ಹೆಸರು ಕೆತ್ತಿದ ಹಲಗೆಯೇನೂ ಸಿಕ್ಕಿಲ್ಲವಾದ್ದರಿಂದ ಗುರುತು ಪ್ರಬಲ ಸಂಭಾವ್ಯವೆಂದು ಹೇಳುವುದೇ ಸರಿ.

ಶೋರ್‌ಡಿಚ್: ಬ್ರೇನ್ ತನ್ನ ಭಾವಮೈದುನ ಜೇಮ್ಸ್ ಬರ್ಬೇಜ್‌ನೊಡನೆ 1576ರಲ್ಲಿ ‘ದಿ ಥಿಯೇಟರ್’ ಕಟ್ಟಿದ. ಇದರ ಕಥೆ ಎಲ್ಲರಿಗೂ ಗೊತ್ತಿರುವಂಥದು: ಜಮೀನಿನ ಗುತ್ತಿಗೆ ಮುಗಿದು, 1598ರ ಡಿಸೆಂಬರಿನಲ್ಲಿ ಮರಮುಟ್ಟನ್ನೆಲ್ಲ ಬಿಚ್ಚಿ, ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಸಾಗಿಸಿ ‘ಗ್ಲೋಬ್’ ಎಬ್ಬಿಸಿದರು. ‘ದಿ ಥಿಯೇಟರ್’ನ ಅಡಿಪಾಯ 2008ರಲ್ಲಿ ಪತ್ತೆಯಾಯಿತು.

ನಿಜವಾದ ತೊಡಕು ನೆರೆಯ ‘ಕರ್ಟನ್’ (1577) ವಿಷಯದಲ್ಲಿದೆ. ಷೇಕ್ಸ್‌ಪಿಯರನ ನಟತಂಡವಾದ ಲಾರ್ಡ್ ಚೇಂಬರ್‌ಲೇನ್ ಮಂಡಳಿ ಗ್ಲೋಬ್‌ಗೆ ಮೊದಲು ಕೆಲಕಾಲ ಇಲ್ಲಿ ಆಡುತ್ತಿತ್ತು. ಜಾನ್ಸನ್ನನ ‘ಎವ್ರಿ ಮ್ಯಾನ್ ಇನ್ ಹಿಸ್ ಹ್ಯೂಮರ್’ 1598ರಲ್ಲಿ ಇಲ್ಲಿ ರಂಗಕ್ಕೆ ಬಂತು. ‘ರೋಮಿಯೊ ಅಂಡ್ ಜೂಲಿಯೆಟ್’ ಇಲ್ಲಿ ಚಪ್ಪಾಳೆ ಗಿಟ್ಟಿಸಿತೆಂಬುದಕ್ಕೆ ಕವಿ ಮಾರ್ಸ್ಟನ್ನನ ವ್ಯಂಗ್ಯದಲ್ಲಿ ಸೂಚನೆಯಿದೆ. ‘ಹೆನ್ರಿ ದಿ ಫಿಫ್ತ್’ ನಾಟಕವೂ ಇಲ್ಲೇ ಮೊದಲು ನಡೆಯಿತೆಂದು ಅನೇಕರು ಬರೆದರು. ಆದರೆ ಆ ನಾಟಕದ ಮುನ್ನುಡಿಕಾರ ತಾನು ನಿಂತ ಮನೆಯನ್ನು ವೃತ್ತಾಕಾರದ್ದೆಂದು ಬಣ್ಣಿಸುತ್ತಾನೆ. 2016ರ ಉತ್ಖನನದಲ್ಲಿ ಕರ್ಟನ್ ಸುಮಾರು 30 ಮೀಟರ್ ಉದ್ದ, 22 ಮೀಟರ್ ಅಗಲದ ಆಯತವಾಗಿ ಕಂಡುಬಂತು. ಹಾಗಾದರೆ ಮೊದಲ ಪ್ರದರ್ಶನ ಗ್ಲೋಬ್‌ನಲ್ಲಿ ಆಗಿರಬಹುದು, ಇಲ್ಲವೆ ಮುನ್ನುಡಿ ಆಮೇಲೆ ಸೇರಿರಬಹುದು. 1600ರ ಕ್ವಾರ್ಟೊ ಮುದ್ರಣದಲ್ಲಿ ಮುನ್ನುಡಿಯೇ ಇಲ್ಲದಿರುವುದು ಎರಡನೆಯ ಊಹೆಗೆ ಅನುಕೂಲ, ಸಾಕ್ಷ್ಯವಲ್ಲ.

ಬ್ಯಾಂಕ್‌ಸೈಡ್: ಥೇಮ್ಸ್‌ನ ದಕ್ಷಿಣ ದಂಡೆಯ ಈ ಭಾಗದಲ್ಲಿದ್ದ ಫಿಲಿಪ್ ಹೆನ್ಸ್‌ಲೊವಿನ ‘ರೋಸ್’ (1587) ಮಾರ್ಲೊ ನಾಟಕಗಳ ನೆಲೆ. ಯಾವ ದಿನ ಯಾವ ನಾಟಕ, ಗಲ್ಲಾಪೆಟ್ಟಿಗೆಗೆ ಬಂದದ್ದೆಷ್ಟು ಎಂಬುದನ್ನು ಅವನ ಲೆಕ್ಕದ ಪುಸ್ತಕ 1592ರಿಂದ ಹೇಳುತ್ತದೆ; ಯಾವ ವಿಮರ್ಶೆಗಿಂತಲೂ ಉಪಯುಕ್ತ ಗ್ರಂಥವಿದು. 1989ರಲ್ಲಿ ಕಚೇರಿ ಕಟ್ಟಡಕ್ಕಾಗಿ ಅಗೆದಾಗ ಇದರ ಬುಡ ಕಾಣಿಸಿಕೊಂಡು, ನಟರ ಚಳವಳಿಯಿಂದ ಉಳಿಯಿತು. ಅದೇ ವರ್ಷ ಗ್ಲೋಬ್‌ನ ಒಂದು ಮೂಲೆಯಷ್ಟೇ ಸಿಕ್ಕಿತು.

ಗ್ಲೋಬ್ (1599) ಬಗ್ಗೆ ಹೊತ್ತಗೆಗಳಿಗೆ ಬರವಿಲ್ಲ. ಎರಡು ಗೋಜಲುಗಳನ್ನು ಮಾತ್ರ ಇಲ್ಲಿ ಬಿಡಿಸಬಹುದು. ಚಿತ್ರಕಾರ ಹೋಲರನ 1647ರ ಲಂಡನ್ ನೋಟದಲ್ಲಿ ಗ್ಲೋಬ್ ಮತ್ತು ಕರಡಿ ಕಾಳಗದ ಅಖಾಡದ ಹೆಸರುಗಳು ಅದಲುಬದಲಾಗಿವೆ. ಇನ್ನೊಂದು, ಜ್ಯೋತಿಷಿ ಸೈಮನ್ ಫೋರ್‌ಮನ್ ಇಲ್ಲಿ ‘ಮ್ಯಾಕ್‌ಬೆತ್’ ನೋಡಿದ ದಿನ. ಫೋರ್‌ಮನ್ 1610ರ ಏಪ್ರಿಲ್ 20, ಶನಿವಾರ ಎಂದು ಬರೆದಿಟ್ಟಿದ್ದಾನೆ. ಆ ತಾರೀಕು ಶನಿವಾರ ಬಿದ್ದದ್ದು 1611ರಲ್ಲಿ. ಗ್ರಹಗತಿ ಎಣಿಸುವವನು ಇಸವಿ ತಪ್ಪಿದ್ದು ಸೋಜಿಗವೇ.

1613ರ ಜೂನ್ 29ರಂದು ‘ಹೆನ್ರಿ ದಿ ಎಯ್ತ್’ ನಡೆಯುತ್ತಿದ್ದಾಗ ಫಿರಂಗಿಯ ಕಿಡಿ ಹುಲ್ಲುಮಾಡಿಗೆ ತಗಲಿ ಗ್ಲೋಬ್ ಸುಟ್ಟಿತು. ಮರುವರ್ಷವೇ ಹೆಂಚಿನ ಮಾಡಿನೊಡನೆ ಎದ್ದಿತು. 1642ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ನಾಟಕಗಳನ್ನು ನಿಲ್ಲಿಸಿತು. ಅಮೆರಿಕದ ನಟ ಸ್ಯಾಮ್ ವಾನಮೇಕರ್ ಮರುನಿರ್ಮಾಣಕ್ಕಾಗಿ ಶ್ರಮಿಸಿದ, ಅವನು ತೀರಿಕೊಂಡ ಮೇಲೆ 1997ರಲ್ಲಿ ತೆರೆದ ಇಂದಿನ ಗ್ಲೋಬ್ ಮೂಲ ನಿವೇಶನದಿಂದ ಸುಮಾರು 230 ಮೀಟರ್ ಆಚೆಗಿದೆ.