ಹೆಸರಿನ ಒಡೆತನ

1979ರ ಕೊನೆಯ ಭಾಗದಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ಪ್ರಾಂತದ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬವರು, ತಮ್ಮಲ್ಲಿಯ ಗಣಕಯಂತ್ರವನ್ನು ನೆರೆಯ ಚಾಪೆಲ್ ಹಿಲ್ಲಿನ ವಿಶ್ವವಿದ್ಯಾನಿಲಯದ ಯಂತ್ರದೊಡನೆ ಸಾಮಾನ್ಯ ದೂರವಾಣಿಯ ತಂತಿಯಿಂದಲೇ ಜೋಡಿಸಿ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಓದಸಿಗುವಂತೆ ಮಾಡುವ ಯೋಜನೆಯನ್ನು ಹೂಡಿದರು. ಮರುವರ್ಷ ಯೂಸ್‌ನೆಟ್ ಎಂಬ ಹೆಸರಿನಿಂದ ಹೊರಬಂದ ಈ ವ್ಯವಸ್ಥೆಗೆ ಕೇಂದ್ರಸ್ಥಾನವೂ ಇರಲಿಲ್ಲ, ಒಡೆಯನೂ ಇರಲಿಲ್ಲ. ಕರೆಯ ದರ ಇಳಿಯುವ ರಾತ್ರಿಯ ವೇಳೆಯಲ್ಲಿ ಯಂತ್ರವು ಯಂತ್ರಕ್ಕೆ ಕರೆಮಾಡಿ ಹೊಸ ಬರಹಗಳನ್ನು ಒಪ್ಪಿಸುತ್ತಿತ್ತು. ಪ್ರತಿಯೊಂದು ಬರಹದ ಶಿರೋಭಾಗದಲ್ಲಿಯೂ ಅದು ಹಾದುಬಂದ ಯಂತ್ರಗಳ ಹೆಸರುಗಳು, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆಯೊಡನೆ, ಒಂದೇ ಸಾಲಿನಲ್ಲಿ ನಮೂದಾಗಿರುತ್ತಿದ್ದವು; ಆ ಸಾಲಿನಲ್ಲಿ ಹೆಸರಿದ್ದ ಯಂತ್ರಕ್ಕೆ ಅದೇ ಬರಹವನ್ನು ಮತ್ತೆ ಕಳುಹುತ್ತಿರಲಿಲ್ಲ.

ಒಡೆಯನಿಲ್ಲದ ಸಂಭಾಷಣೆಯ ಚರಿತ್ರೆ ಅಲ್ಲಿಂದ ಇಲ್ಲಿಯವರೆಗೆ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ: ಮಾತನಾಡುವವನ ಹೆಸರು ಯಾರ ವಶದಲ್ಲಿರತಕ್ಕದ್ದು? ಯೂಸ್‌ನೆಟ್ಟಿನಲ್ಲಿಯೂ ಇ-ಮೇಲಿನಲ್ಲಿಯೂ ಹೆಸರು ಯಂತ್ರದ ಹೆಸರಿಗೆ ಅಂಟಿಕೊಂಡಿತ್ತಾದ್ದರಿಂದ, ವಿಶ್ವವಿದ್ಯಾನಿಲಯವನ್ನು ಬಿಟ್ಟುಹೋದವನು ತನ್ನ ವಿಳಾಸವನ್ನೂ ಅಲ್ಲಿಯೇ ಬಿಟ್ಟುಹೋಗಬೇಕಾಗುತ್ತಿತ್ತು. ಮುಂದೆ ಬಂದ ಟ್ವಿಟರ್, ಫೇಸ್‌ಬುಕ್ಕುಗಳಲ್ಲಿ ಎಲ್ಲರ ಹೆಸರೂ ಒಂದೊಂದು ಕಂಪನಿಯ ಕೈಗೆ ಸೇರಿತು. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತಿನಲ್ಲಿಟ್ಟಾಗ ನಮ್ಮ ದೇಶದ ಬಹುಮಂದಿ ಮ್ಯಾಸ್ಟೊಡಾನ್ ಎಂಬ ಒಡೆಯನಿಲ್ಲದ ಜಾಲಕ್ಕೆ ವಲಸೆಹೋದುದಕ್ಕೆ ಈ ಪರಾಧೀನತೆಯೇ ಕಾರಣ.

ಮ್ಯಾಸ್ಟೊಡಾನಿಗೆ ಪೂರ್ವಜರುಂಟು. 2008ರಲ್ಲಿ ಇವಾನ್ ಪ್ರೊಡ್ರೊಮೊ ಆರಂಭಿಸಿದ ಐಡೆಂಟಿಕಾ, 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಸಾರ್ವಜನಿಕರಿಂದ ಹಣವೆತ್ತಿ ಕಟ್ಟಿದ ಡಯಾಸ್ಪೊರಾ, ಇವೆಲ್ಲ ದಾರಿ ತೋರಿಸಿದವು. 2016ರಲ್ಲಿ ಜರ್ಮನಿಯ ಯೂಜೆನ್ ರೊಚ್ಕೊ ಮ್ಯಾಸ್ಟೊಡಾನನ್ನು ರಚಿಸಿದರು. ಅದು ಇಂದು ಅನುಸರಿಸುತ್ತಿರುವ ಆ್ಯಕ್ಟಿವಿಟಿಪಬ್ ಎಂಬ ಪ್ರೋಟೊಕಾಲಿಗೆ 2018ರ ಜನವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿನ ಮನ್ನಣೆ ದೊರೆಯಿತು. ಇದರಲ್ಲಿ ಪ್ರತಿಯೊಬ್ಬನಿಗೂ ತನ್ನ ಸರ್ವರಿನಲ್ಲಿ ಒಂದು ಇನ್‌ಬಾಕ್ಸ್ ಇದೆ. ನಾನೊಂದು ಮಾತು ಬರೆದೊಡನೆ ನನ್ನ ಸರ್ವರು, ನನ್ನನ್ನು ಫಾಲೋ ಮಾಡುವವರು ಇರುವ ಸರ್ವರುಗಳಿಗೆ ಅದನ್ನು ರುಜುಮಾಡಿ ತಲಪಿಸುತ್ತದೆ. ಸ್ವಲ್ಪ ಹಣವುಳ್ಳ ಗೆಳೆಯರ ಗುಂಪೊಂದು ಸಣ್ಣ ಯಂತ್ರದಲ್ಲಿಯೇ ಇದನ್ನು ನಡೆಸಬಹುದು. ಅಲ್ಲಿಯ ನಡವಳಿಕೆಯ ನಿಯಮಗಳನ್ನು ಆ ಗುಂಪೇ ಮಾಡಿಕೊಳ್ಳಬಹುದು. ಆದರೆ ತನಗೆ ತಲಪದುದನ್ನು ಸರ್ವರು ಅರಿಯದು. ಒಂದೇ ಮಾತಿಗೆ ಬಂದ ಉತ್ತರಗಳು ಇಲ್ಲಿ ಹತ್ತು, ಅಲ್ಲಿ ಮೂರು ಎಂಬಂತೆ ಕಾಣುವುದುಂಟು. ಹೆಸರಾದರೂ ಇ-ಮೇಲಿನಲ್ಲಿದ್ದಂತೆ ಸರ್ವರಿಗೇ ಕಟ್ಟಿಹಾಕಿದ್ದು. ಬೇರೆಡೆಗೆ ಹೋಗುವವನ ಹಿಂದೆ ಫಾಲೋವರುಗಳು ಹೋಗುತ್ತಾರೆ, ಹಳೆಯ ಬರಹಗಳು ಹೋಗವು. ಅಷ್ಟಕ್ಕೂ ಹಳೆಯ ಸರ್ವರು ಜೀವಂತವಾಗಿರಬೇಕು. 2024ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು ಕ್ವಿಯರ್ ಡಾಟ್ ಎಎಫ್ ಎಂಬ ಮ್ಯಾಸ್ಟೊಡಾನ್ ಸರ್ವರಿನ, ತನ್ನ ದೇಶದ ಸಂಕೇತವಾದ ಎಎಫ್‌ನಿಂದ ಕೊನೆಗೊಳ್ಳುವ ಡೊಮೇನನ್ನು ತಡೆಹಿಡಿಯಿತು. ಆ ದೇಶವನ್ನು ಕಣ್ಣಿನಿಂದಲೂ ಕಾಣದವರ ವಿಳಾಸಗಳು ಅಷ್ಟರಿಂದಲೇ ನಿರರ್ಥಕವಾದವು.

ಈ ದೋಷವನ್ನು ಪರಿಹರಿಸುವ ಉದ್ದೇಶ ಬ್ಲೂಸ್ಕೈಯ ಎಟಿ ಪ್ರೋಟೊಕಾಲಿನಲ್ಲಿ ಸ್ಪಷ್ಟವಾಗಿದೆ. ಆಗ ಟ್ವಿಟರಿನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ 2019ರ ಡಿಸೆಂಬರಿನಲ್ಲಿ ಘೋಷಿಸಿದ ಈ ಯೋಜನೆಯು 2024ರ ಫೆಬ್ರವರಿಯಲ್ಲಿ ಹೊರಗಿನ ಸರ್ವರುಗಳಿಗೆ ಬಾಗಿಲು ತೆರೆಯಿತು. ಇದರಲ್ಲಿ ವ್ಯಕ್ತಿಗೆ ಸರ್ವರಿಗೆ ಕಟ್ಟುಬೀಳದ ಶಾಶ್ವತವಾದ ಗುರುತೊಂದಿದ್ದು, ಬರಹಗಳ ಭಂಡಾರವನ್ನು ಸಮಗ್ರವಾಗಿ ಬೇರೊಂದು ಸರ್ವರಿಗೆ ಸಾಗಿಸಬಹುದು. ರಿಲೇ ಎಂಬ ಯಂತ್ರವು ಎಲ್ಲರ ಬರಹಗಳನ್ನೂ ಒಂದೆಡೆ ಕೂಡಿಸಿಕೊಡುವುದರಿಂದ ಹುಡುಕಾಟವೂ ಉತ್ತರಗಳ ಎಣಿಕೆಯೂ ಸಮರ್ಪಕ. ಆದರೆ ಇಡೀ ಜಾಲವನ್ನು ಹೀಗೆ ಕೂಡಿಸಿ ಓದುಗನಿಗೆ ಒಪ್ಪಿಸುವುದು ದುಬಾರಿಯ ಕೆಲಸವಾದ್ದರಿಂದ ಬಹುಪಾಲು ಜನ ಬ್ಲೂಸ್ಕೈ ಕಂಪನಿಯ ಯಂತ್ರಗಳನ್ನೇ ಆಶ್ರಯಿಸಿದರು. ಬಹುಮಂದಿಯ ಗುರುತುಗಳನ್ನು ದಾಖಲಿಸುವ ಪಟ್ಟಿಯೂ ಆ ಕಂಪನಿಯ ಕೈಯಲ್ಲಿಯೇ ಬೆಳೆಯಿತು.

2020ರಲ್ಲಿ ಫಿಯಾಟ್‌ಜಾಫ್ ಎಂಬ ಗುಪ್ತನಾಮದವರು ರೂಪಿಸಿದ ನಾಸ್ಟರ್ ಎಂಬ ಪ್ರೋಟೊಕಾಲು ಇವುಗಳಲ್ಲಿ ಅತ್ಯಂತ ನಿಷ್ಠುರವಾದುದು. ಅಲ್ಲಿ ಹೆಸರೆಂದರೆ ಗಣಿತದಿಂದ ಹುಟ್ಟಿದ ಒಂದು ಕೀಲಿ. ಅದರ ಗುಪ್ತವಾದ ಜೋಡಿಯಿಂದ ರುಜುಮಾಡಿದ ಬರಹವನ್ನು, ಇಲ್ಲಿಯೂ ರಿಲೇ ಎಂದೇ ಕರೆಯುವ ಐದಾರು ಸರ್ವರುಗಳಿಗೆ ಕಳುಹಿದರಾಯಿತು, ಒಂದು ತಳ್ಳಿಹಾಕಿದರೆ ಮತ್ತೊಂದು ಇಟ್ಟುಕೊಳ್ಳುತ್ತದೆ. ಹೆಸರನ್ನು ಕೊಡುವವನೂ ಇಲ್ಲ, ಕಸಿಯುವವನೂ ಇಲ್ಲ. ಗುಪ್ತ ಕೀಲಿ ಕಳೆದುಹೋಯಿತೆ, ಮರಳಿ ದೊರಕಿಸುವವನೂ ಇಲ್ಲ. ಕಳ್ಳನ ಪಾಲಾಯಿತೆ, ಅವನ ರುಜುವೂ ನಿಮ್ಮದೇ ಎನಿಸಿಕೊಳ್ಳುತ್ತದೆ.

ಗುಪ್ತಪದವನ್ನು ಮರೆಯುವುದು ಮನುಷ್ಯಸಹಜವಾಗಿರುವಾಗ ಇಂತಹ ಭಾರವನ್ನು ಪ್ರತಿಯೊಬ್ಬನ ತಲೆಗೂ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ನಡೆಸುವವರ ಪರಿಚಯವಿದ್ದು, ತಪ್ಪಿದಾಗ ಎದುರಿಗೆ ನಿಂತು ಕೇಳಬಹುದಾದ ಸಣ್ಣ ಸರ್ವರನ್ನೇ ನಾನು ಆರಿಸಿಕೊಳ್ಳುವೆನು. ಅದರೊಡನೆ ಬ್ಲೂಸ್ಕೈಯವರು ಸಾಧಿಸಿದ ಸಾಗಿಸಬಲ್ಲ ಗುರುತನ್ನು ಆ್ಯಕ್ಟಿವಿಟಿಪಬ್ಬಿನವರೂ ಬೇಗನೆ ಅಳವಡಿಸಿಕೊಳ್ಳಲೆಂದು ಹಾರೈಸುವೆನು.