ಮಾಸ್ತಿಕಟ್ಟೆ ಮನೆಗೆ ಯಾವ ಕಂಪ್ಯೂಟರ್?

2024ರ ಏಪ್ರಿಲ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಅಣ್ಣನ ಮಗಳು ಊರಿಂದ ಫೋನ್ ಮಾಡಿದಳು. "ಚಿಕ್ಕಪ್ಪ, ಮನೆಗೆ ಹೊಸ ಕಂಪ್ಯೂಟರ್ ತಗಳ್ಳದು ಅಂತ ಆಗಿದೆ. ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ? ಕಂಪನೀದಾ, ಅಸೆಂಬಲ್ ಮಾಡ್ಸದಾ?"

ಆಫೀಸಿನಲ್ಲಿ ಯಾರಾದರೂ ಇದನ್ನೇ ಕೇಳಿದ್ದರೆ ಟೀ ಮುಗಿಯುವುದರೊಳಗೆ ಉತ್ತರ ಕೊಟ್ಟು ಏಳುತ್ತಿದ್ದೆ. ಇವಳಿಗೆ ಮಾತ್ರ "ನಾಳೆ ಹೇಳ್ತೀನಿ ಮಾರಾಯ್ತಿ" ಅಂದೆ. ಯಾಕಂದ್ರೆ ಹಿಂದಿನ ಸಲ ಆ ಮನೆಗೆ ಕಂಪ್ಯೂಟರ್ ಆರಿಸಿದವನು ನಾನು. ದಂಡ ಕಟ್ಟಿದವಳು ಅವಳು.

ನಮ್ಮ ಮನೆ ಮಾಸ್ತಿಕಟ್ಟೆಯಿಂದ ಸ್ವಲ್ಪ ಒಳಗೆ. ಶಿವಮೊಗ್ಗ–ಕುಂದಾಪುರ ಬಸ್ಸಿನಲ್ಲಿ ಓಡಾಡಿದವರು ಈ ಊರು ನೋಡಿರುತ್ತೀರಿ. ಹುಲಿಕಲ್ ಘಾಟಿ ಇಳಿಯುವ ಮೊದಲು ಸಿಗುತ್ತದೆ, ಕೆಪಿಸಿ ಕಾಲೊನಿ ಇರುವ ಊರು. ಮಾಣಿ ಅಣೆಕಟ್ಟಿನ ನೀರು ಘಟ್ಟದ ಹೊಟ್ಟೆಯೊಳಗಿನ ವಾರಾಹಿ ವಿದ್ಯುದಾಗಾರಕ್ಕೆ ಇಳಿದು ಕರೆಂಟ್ ಆಗುವುದು ನಮ್ಮ ಪಕ್ಕದಲ್ಲೇ. 460 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಅದು. ಆದರೆ ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿತ್ತೋ, ನಮ್ಮ ಮನೆಗೆ ಮೂರು ದಿನ ಸೀಮೆಎಣ್ಣೆ ಬುಡ್ಡಿಯೇ ಗತಿ. ದೀಪದ ಕೆಳಗೆ ಕತ್ತಲೆ ಅನ್ನುವ ಗಾದೆಯನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆ ಮನೆಗೆ ಮೊದಲ ಕಂಪ್ಯೂಟರ್ ಬಂದಿದ್ದು 2006ರಲ್ಲಿ, ನಾನು ಬಿಇ ಸೇರಿದ ವರ್ಷ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ 22,000 ರೂಪಾಯಿ ಎಣಿಸಿ ಕೊಟ್ಟರು. ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸಿದ್ದು: ಸೆಲೆರಾನ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, ಡಬ್ಬದಂಥ ಮಾನಿಟರ್. ಆ ಮಾನಿಟರನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತೀರ್ಥಹಳ್ಳಿ ದಾಟಿ ಬಂದಿದ್ದೆ. ಎರಡನೇ ವರ್ಷ ಸಿಡಿಲು ಬಡಿದು ಫೋನ್ ಲೈನಿನ ಜತೆ ಮೋಡೆಮ್ ಹೋಯಿತು. ಹೊಸ ಮೋಡೆಮ್ ಹಾಕಿದೆವು. ಪವರ್ ಸಪ್ಲೈ ಎರಡು ಸಲ ಸುಟ್ಟಿತು, ಬದಲಾಯಿಸಿದೆವು. ಒಮ್ಮೆ ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಪ್ರತಿ ಸಲ ಖರ್ಚಾಗಿದ್ದು ಕೆಲವೇ ನೂರು ರೂಪಾಯಿ, ಕೆಟ್ಟ ಭಾಗಕ್ಕೆ ಮಾತ್ರ.

ಈ 'ಅಸೆಂಬಲ್ಡ್' ಅನ್ನುವ ಪದವಿದೆಯಲ್ಲ, ಅದು ನಮ್ಮ ಊರುಗಳವರೆಗೆ ಬಂದ ದಾರಿ ಸ್ವಾರಸ್ಯದ್ದು.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಒಂದೇ ವರ್ಷದಲ್ಲಿ ತಯಾರಾಗಬೇಕಿತ್ತು. ಎಲ್ಲವನ್ನೂ ತಾನೇ ಮಾಡುತ್ತ ಕೂತರೆ ಆಗದ ಕೆಲಸ. ಹಾಗಾಗಿ ಪ್ರೊಸೆಸರ್ ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನಿಂದ, ಉಳಿದ ಬಹಳಷ್ಟು ಮಾರುಕಟ್ಟೆಯಲ್ಲಿ ಸಿಗುವ ಮಾಲಿನಿಂದ. ಯಂತ್ರದ ಒಳವಿವರಗಳ ಪುಸ್ತಕವನ್ನೂ ಮಾರಾಟಕ್ಕಿಟ್ಟಿತು. ಐಬಿಎಂ ತನ್ನದು ಅಂತ ಗಟ್ಟಿಯಾಗಿ ಹಿಡಿದುಕೊಂಡಿದ್ದು ಬಯೋಸ್ ಎಂಬ ಪುಟ್ಟ ತಂತ್ರಾಂಶವನ್ನು. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೆಯದನ್ನು ಬರೆದು 1983ರಲ್ಲಿ ತನ್ನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ವರ್ಷದಿಂದ ಅಂಥ ಬಯೋಸ್ ಯಾರಿಗೆ ಬೇಕಾದರೂ ಕೊಳ್ಳಲು ಸಿಗತೊಡಗಿತು. ಅಲ್ಲಿಂದ ಪಿಸಿ ಒಂದು ಕಂಪನಿಯ ವಸ್ತುವಾಗಿ ಉಳಿಯಲಿಲ್ಲ. ಯಾರು ಬೇಕಾದರೂ ಬಿಡಿಭಾಗ ತಂದು ಜೋಡಿಸಬಹುದಾದ ಸಾಮಾನಾಯಿತು.

ಆ ಹೊತ್ತಿಗೆ ಐಬಿಎಂ ನಮ್ಮ ದೇಶದಲ್ಲೇ ಇರಲಿಲ್ಲ. ವಿದೇಶಿ ಪಾಲು ಇಳಿಸಿ ಎಂಬ ಸರ್ಕಾರದ ಮಾತಿಗೆ ಒಪ್ಪದೆ 1978ರಲ್ಲಿ ಗಂಟುಮೂಟೆ ಕಟ್ಟಿತ್ತು. ಆ ಜಾಗದಲ್ಲಿ ವಿಪ್ರೋ, ಎಚ್‌ಸಿಎಲ್‌ನಂಥ ಕಂಪನಿಗಳು ತಲೆಯೆತ್ತಿದವು. ಆದರೂ ಕಂಪ್ಯೂಟರ್ ಅಂದರೆ ಬ್ಯಾಂಕು, ಕಾರ್ಖಾನೆ, ಸಂಶೋಧನಾ ಸಂಸ್ಥೆಯ ವಸ್ತು. ಹೊರದೇಶದಿಂದ ತರಿಸಬೇಕಾದರೆ ಲೈಸೆನ್ಸು, ಮೇಲೆ ಭಾರೀ ಸುಂಕ. 1984ರ ನವೆಂಬರಿನಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾದ ಕೆಲವೇ ವಾರಗಳಲ್ಲಿ, ಹೊಸ ಕಂಪ್ಯೂಟರ್ ನೀತಿ ಬಂತು. ಬಿಡಿಭಾಗ ತರಿಸುವುದು ಸಲೀಸಾಯಿತು. ಇಡೀ ಯಂತ್ರ ತರಿಸುವುದಕ್ಕಿಂತ ಭಾಗಗಳನ್ನು ತರಿಸಿ ಇಲ್ಲೇ ಸ್ಕ್ರೂ ಹಾಕುವುದು ಲಾಭ ಅಂತ ವ್ಯಾಪಾರಿಗಳಿಗೆ ಗೊತ್ತಾಯಿತು. ನಟ್ಟು, ಬೋಲ್ಟು, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡು, ರ‍್ಯಾಮಿನ ಅಂಗಡಿಗಳೂ ತುಂಬಿಕೊಂಡವು. ಆಮೇಲೆ 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದ ಸುಂಕ ಹಂತಹಂತವಾಗಿ ಇಳಿದು, 2005ರ ಹೊತ್ತಿಗೆ ಅದರಡಿಯ ಸಾಮಾನುಗಳಿಗೆ ಸೊನ್ನೆಯಾಯಿತು. ಅಂದರೆ ಮರುವರ್ಷ ನಾನು ಕಂಬಳಿಯಲ್ಲಿ ಸುತ್ತಿ ತಂದ ಯಂತ್ರದಲ್ಲಿ ಫ್ಲಾರಿಡಾದ ಅವಸರವೂ ಇತ್ತು, ದಿಲ್ಲಿಯ ಕಡತವೂ ಇತ್ತು. ನಮಗೆ ಗೊತ್ತಿರಲಿಲ್ಲ ಅಷ್ಟೇ.

ಹಾಗಾದರೆ ಬಿಚ್ಚಲು ಬರುವುದೊಂದೇ ಸಾಕೇ? ಇದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರು ಎನ್‌ಕೋರ್ ಕಂಪನಿಯವರ ಜತೆ ಸೇರಿ ಸಿಂಪ್ಯೂಟರ್ ರೂಪಿಸಿದರು. ಅಂಗೈಯಲ್ಲಿ ಹಿಡಿಯುವ ಅಗ್ಗದ ಯಂತ್ರ. ಓದು ಬರಹ ಬಾರದವರಿಗೂ ನಮ್ಮ ಭಾಷೆಗಳಲ್ಲಿ ಓದಿ ಹೇಳಬೇಕು ಅನ್ನುವುದು ಕನಸು. ವಿನ್ಯಾಸವನ್ನು ಮುಚ್ಚಿಡದೆ ಲೈಸೆನ್ಸಿನ ಮೇಲೆ ಬೇರೆಯವರಿಗೂ ಬಿಟ್ಟುಕೊಟ್ಟರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಸುಮಾರು 10,000 ರೂಪಾಯಿಗೆ ಮಾರುಕಟ್ಟೆಗೆ ಬಂತು. ಮಾರಾಟವಾಗಿದ್ದು ಕೆಲವೇ ಸಾವಿರ. ಕಾಗದದ ಮೇಲೆ ಅದು ನನ್ನ ಸೆಲೆರಾನ್ ಡಬ್ಬಕ್ಕಿಂತ ಹೆಚ್ಚು ಮುಕ್ತವಾಗಿತ್ತು. ಆದರೆ ಶಿವಮೊಗ್ಗದ ಅಂಗಡಿಯಲ್ಲಿ ಅದರ ಬಿಡಿಭಾಗ ಸಿಗುತ್ತಿರಲಿಲ್ಲ, ರಿಪೇರಿ ಗೊತ್ತಿರುವ ಹುಡುಗನೂ ಇರಲಿಲ್ಲ. ಯಂತ್ರದ ಹಿಂದೆ ಒಂದು ಸಂತೆ ಇರಬೇಕು. ಸಂತೆಯಿಲ್ಲದಿದ್ದರೆ ಎಂಥ ಒಳ್ಳೆಯ ವಿನ್ಯಾಸವೂ ಒಂಟಿ.

ಈ ಇತಿಹಾಸವೆಲ್ಲ ಗೊತ್ತಿದ್ದೂ ನಾನು ಎಡವಿದ್ದು 2019ರಲ್ಲಿ. ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಹಳೆ ಡಬ್ಬ ಅಟ್ಟ ಸೇರಲಿ ಅಂತ ಒಂದು ಆಲ್-ಇನ್-ಒನ್ ತಂದೆ. ಪರದೆಯ ಬೆನ್ನಲ್ಲೇ ಎಲ್ಲ ಅಡಗಿರುವ, ನೋಡಲು ಚಂದದ ಯಂತ್ರ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, "ಇದ್ರ ಸ್ಕ್ರೂ ಎಲ್ಲಿದ್ಯಾ?" ಅಂದಿದ್ದರು. ನಾನು ನಕ್ಕಿದ್ದೆ.

2021ರ ಜುಲೈನಲ್ಲಿ ವೋಲ್ಟೇಜ್ ಏರಿ ಅದು ಸತ್ತಿತು. ಮಗಳು ಆಗ ಎಂಟನೇ ಕ್ಲಾಸು, ಪಾಠವೆಲ್ಲ ಆನ್‌ಲೈನು. ಸರ್ವಿಸ್ ಸೆಂಟರಿನವರು ಇಡೀ ಬೋರ್ಡ್ ಬದಲಾಯಿಸಬೇಕು ಅಂದರು. ಹೇಳಿದ ರೇಟು ಹೊಸದರ ಹತ್ತಿರ ಹತ್ತಿರ ಇತ್ತು, ಮಾಲು ಬರಲು ಎಷ್ಟು ದಿನವೋ ಗೊತ್ತಿಲ್ಲ. ಅಟ್ಟದ ಮೇಲಿನ 2006ರ ಯಂತ್ರವನ್ನು ಅಣ್ಣ ಇಳಿಸಿದ. ಬೂಷ್ಟು ಒರೆಸಿ ಬಟನ್ ಒತ್ತಿದರೆ ಆನ್ ಆಯಿತು! ಆದರೆ ವಿಡಿಯೋ ಕ್ಲಾಸ್ ನಡೆಸುವ ಶಕ್ತಿ ಅದಕ್ಕಿರಲಿಲ್ಲ. ಅವಳು ಆ ಮಳೆಗಾಲ ಪೂರ್ತಿ ಅಪ್ಪನ ಕೊಡೆ ಹಿಡಿದು, ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ, ಅಂಗೈಯಗಲದ ಫೋನಿನಲ್ಲಿ ಗಣಿತ ಕಲಿತಳು. ನಾನು ಬೆಂಗಳೂರಿನಲ್ಲಿ ಎರಡು ಮಾನಿಟರ್ ಮುಂದೆ ಕೂತಿದ್ದೆ. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು.

ಹಾಗಾಗಿ ಮರುದಿನ ಫೋನ್ ಮಾಡಿ ಮೊದಲು ಕೇಳಿದ್ದು, "ಕೆಟ್ಟರೆ ಯಾರ ಹತ್ರ ತಗೊಂಡು ಹೋಗ್ತೀಯ?" ಅವಳು ಹೊಸನಗರದ ಒಂದು ಅಂಗಡಿ, ಶಿವಮೊಗ್ಗದಲ್ಲಿ ಎರಡು ಅಂಗಡಿ ಹೇಳಿದಳು. ಆಮೇಲೆ ಲ್ಯಾಪ್‌ಟಾಪಿನ ಪರ ಅವಳೇ ವಾದ ಮಾಡಿದಳು: ಕರೆಂಟ್ ಹೋದರೂ ಬ್ಯಾಟರಿ ಇದೆ, ಸಿಡಿಲು ಬಂದರೆ ವೈರ್ ಕಿತ್ತಿಟ್ಟು ಕೆಲಸ ಮಾಡಬಹುದು. ನ್ಯಾಯವೇ. ಆದರೆ ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈಗ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇವತ್ತು ಕೊಂಡಷ್ಟೇ ಕೊನೆಯವರೆಗೆ. ನಾಳೆ ಹಾಸ್ಟೆಲ್‌ಗೆ ಹೋಗುವವಳಾಗಿದ್ದರೆ ಲ್ಯಾಪ್‌ಟಾಪ್ ಅಂತಲೇ ಹೇಳುತ್ತಿದ್ದೆ, ರ‍್ಯಾಮ್ ಬದಲಿಸಲು ಬರುವಂಥದ್ದು ನೋಡು ಅಂತ. ಅವಳು ಇನ್ನೆರಡು ವರ್ಷ ಮನೆಯಿಂದಲೇ ಪಿಯುಸಿಗೆ ಹೋಗುವವಳು. ಯಂತ್ರ ಅಜ್ಜನ ಲೆಕ್ಕಕ್ಕೂ ಬೇಕು, ಅಣ್ಣನ ತೋಟದ ಕಾಗದಪತ್ರಕ್ಕೂ ಬೇಕು.

ಇನ್ನೊಂದು ಹಳೆಯ ನೆನಪೂ ತಲೆಯಲ್ಲಿತ್ತು. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್-ಇನ್-ಒನ್ ಆಮದಿಗೆ ದಿಢೀರನೆ ಲೈಸೆನ್ಸ್ ಬೇಕು ಎಂದಿತು, ಮರುದಿನವೇ ಗಡುವು ಮುಂದೂಡಿತು, ಕೊನೆಗೆ ಅಕ್ಟೋಬರಿನಲ್ಲಿ ಸಡಿಲವಾದ ಅನುಮತಿ ವ್ಯವಸ್ಥೆಗೆ ಬಂದು ನಿಂತಿತು. ಮದರ್‌ಬೋರ್ಡು, ರ‍್ಯಾಮಿನಂಥ ಬಿಡಿಭಾಗ ಆ ಪಟ್ಟಿಯಲ್ಲಿ ಇರಲಿಲ್ಲ. ನಲವತ್ತು ವರ್ಷದ ಹಿಂದಿನ ಕಥೆಯ ಸಣ್ಣ ಮರುಪ್ರದರ್ಶನ.

ಅಸೆಂಬಲ್ ಮಾಡುವುದೆಂದೇ ತೀರ್ಮಾನವಾಯಿತು. ಗ್ರಾಫಿಕ್ಸ್ ಕಾರ್ಡ್ ಬೇಡ, ಪ್ರೊಸೆಸರಿನೊಳಗಿರುವುದೇ ಸಾಕು. 16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿ, ಪಕ್ಕದ ಜಾಗ ಖಾಲಿ ಇರಲಿ. 512 ಜಿಬಿ ಎಸ್‌ಎಸ್‌ಡಿ. ಉಳಿಸಿದ ದುಡ್ಡನ್ನು ಒಳ್ಳೆಯ ಪವರ್ ಸಪ್ಲೈಗೂ ಯುಪಿಎಸ್‌ಗೂ ಹಾಕಿದೆ. ಮನೆಯ ಅರ್ತಿಂಗ್ ಸರಿಮಾಡಿಸಲು ಅಣ್ಣನಿಗೆ ಹೇಳಿದೆ. ಮೂರು ದಿನ ಕರೆಂಟ್ ಹೋದರೆ ಯುಪಿಎಸ್ಸೂ ಏನೂ ಮಾಡಲಾರದು, ಅದು ಗೊತ್ತಿದ್ದೇ ಒಪ್ಪಿಕೊಂಡಿದ್ದು.

ಮೇ ತಿಂಗಳಲ್ಲಿ ಎಸ್.ಪಿ. ರೋಡಿನಿಂದ ಭಾಗಗಳನ್ನು ಹೊತ್ತುಕೊಂಡು ಊರಿಗೆ ಹೋದೆ. ಜಗುಲಿಯಲ್ಲಿ ಚಾಪೆ ಹಾಸಿದೆವು. ನಾನು ಪಕ್ಕದಲ್ಲಿ ಕೂತೆ, ಸ್ಕ್ರೂಡ್ರೈವರ್ ಅವಳ ಕೈಲಿತ್ತು. ಮೊದಲ ಸಲ ಆನ್ ಆಗಲಿಲ್ಲ. ರ‍್ಯಾಮ್ ಸರಿಯಾಗಿ ಕೂತಿರಲಿಲ್ಲ. ಅವಳೇ ಕಿತ್ತು, ಮತ್ತೆ ಒತ್ತಿ ಕೂರಿಸಿದಳು. ಪರದೆ ಬೆಳಗಿತು. ಅಪ್ಪ ಕನ್ನಡಕ ಏರಿಸಿ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದರು. ಸ್ಕ್ರೂ ಎಣಿಸುತ್ತಿದ್ದರು ಅನಿಸುತ್ತದೆ.

ಅಷ್ಟರಲ್ಲಿ ಹುಲಿಕಲ್ ಕಡೆಯಿಂದ ಗುಡುಗು ಕೇಳಿತು. ಒಳಗಿಂದ ಅಮ್ಮ ಕೂಗಿದರು: "ಮೊದ್ಲು ಆ ವೈರ್ ಕೀಳೇ!"