ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದೆಯೇ?

ಚಾರ್ಮಾಡಿ ಘಾಟಿಯ ರಸ್ತೆ ಬದಿಯಲ್ಲಿ ಮಂಗಗಳ ಹಿಂಡು ಕೂತಿರುವುದು ಮಾಮೂಲು. ಘಟ್ಟದ ಬುಡದ ಊರುಗಳಲ್ಲಿ ಅವು ತೋಟಕ್ಕೂ ಇಳಿಯುತ್ತವೆ. ಹಾಗಾಗಿ ‘ಮಂಗನ ಕಾಯಿಲೆ’ ಎಂದ ಕೂಡಲೇ ಮಂಗ ಕಚ್ಚಿದರೆ ಜ್ವರ, ಅದು ಮುಟ್ಟಿದ ಹಣ್ಣು ತಿಂದರೆ ಜ್ವರ, ರೋಗಿಯ ಹತ್ತಿರ ಹೋದರೂ ಜ್ವರ ಎಂಬ ಮಾತುಗಳು ಹರಿದಾಡುತ್ತವೆ. ನಿಜ ಏನು?

ಹರಡುವುದು ಯಾರು?

ಇದು ವೈರಸ್‌ನಿಂದ ಬರುವ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದೂ ಕರೆಯುತ್ತಾರೆ. ಮನುಷ್ಯರಿಗೆ ಇದು ಮುಖ್ಯವಾಗಿ ಬರುವುದು ಕಾಡಿನ ಉಣುಗು ಕಚ್ಚಿದಾಗ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ.

ಮಂಗದ ಪಾತ್ರವೇನು?

ಕೆಂಪು ಮುಖದ ಮಂಗ, ಕಪ್ಪು ಮುಖದ ಮುಸುವ ಎರಡೂ ಇದೇ ಉಣುಗಿನಿಂದ ಕಾಯಿಲೆ ಬಿದ್ದು ಸಾಯುತ್ತವೆ. ಮಂಗ ಸತ್ತ ಮೇಲೆ ಮೈಮೇಲಿದ್ದ ಉಣುಗುಗಳು ಕೆಳಗೆ ಉದುರುತ್ತವೆ. ಆ ಜಾಗದಲ್ಲಿ ಓಡಾಡುವವರಿಗೆ ಅಪಾಯ ಹೆಚ್ಚು. ಅಂದರೆ ಸತ್ತ ಮಂಗ ಊರಿಗೆ ಬಂದ ಮುನ್ಸೂಚನೆ. ಮಂಗಗಳನ್ನು ಕೊಂದರೆ ಕಾಯಿಲೆ ಹೋಗುವುದಿಲ್ಲ. ಸತ್ತದ್ದನ್ನು ಯಾರಿಗೂ ಹೇಳದೆ ಹೂತರೆ ಆ ಸೂಚನೆಯೇ ಸಿಗುವುದಿಲ್ಲ.

ನಮ್ಮ ತಾಲೂಕಿನಲ್ಲಿ ಬಂದಿತ್ತೇ?

ಬಂದಿತ್ತು. 1982ರ ಕೊನೆಗೆ ಬೆಳ್ತಂಗಡಿ ತಾಲೂಕಿನಲ್ಲಿ, ಕಾಡು ಕಡಿದು ಗೇರು ತೋಪು ಮಾಡಿದ ಪ್ರದೇಶದಲ್ಲಿ ಕಾಣಿಸಿಕೊಂಡು ದೊಡ್ಡ ಹಾವಳಿಯಾಗಿ ಅನೇಕರ ಪ್ರಾಣ ತೆಗೆದಿತ್ತು.

ಲಕ್ಷಣಗಳು

ಉಣುಗು ಕಚ್ಚಿ 3ರಿಂದ 8 ದಿನಗಳಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ನಂತರ ತೀವ್ರ ಮೈಕೈ ನೋವು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರಬಹುದು. ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಜ್ವರ ಬಿಟ್ಟು ಒಂದೆರಡು ವಾರದ ಬಳಿಕ ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ, ವಿಪರೀತ ತಲೆನೋವು, ನಡುಕ, ಗೊಂದಲ ಕಾಣಿಸುತ್ತದೆ. ಸುಮಾರು 100 ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುತ್ತಾರೆ.

ಔಷಧ ಇದೆಯೇ?

ಈ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆದರೂ ಬೇಗ ಆಸ್ಪತ್ರೆ ಸೇರಿದರೆ ದ್ರವಾಂಶ ಕಾಯ್ದು, ರಕ್ತಸ್ರಾವ ಗಮನಿಸಿ ಜೀವ ಉಳಿಸಬಹುದು. ಡೆಂಗಿ, ಇಲಿ ಜ್ವರದಲ್ಲೂ ಶುರುವಿನ ಲಕ್ಷಣ ಹೀಗೇ ಇರುವುದರಿಂದ ರಕ್ತ ಪರೀಕ್ಷೆಯಿಂದಲೇ ಖಚಿತವಾಗಬೇಕು. ರಕ್ತಸ್ರಾವ ಹೆಚ್ಚಿಸಬಹುದಾದ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ.

ನೀವು ಮಾಡಬೇಕಾದ್ದು

• ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಉದ್ದ ತೋಳಿನ ಅಂಗಿ, ಪ್ಯಾಂಟು ತೊಡಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ.
• ಸೌದೆ, ತರಗೆಲೆ, ಸೊಪ್ಪು ತಂದ ದಿನ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ, ಮೈಯಲ್ಲಿ ಉಣುಗು ಇದೆಯೇ ನೋಡಿ.
• ಮಂಗ ಸತ್ತಿದ್ದರೆ ಮುಟ್ಟಬೇಡಿ. ಅರಣ್ಯ ಇಲಾಖೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.
• ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಅದನ್ನು ಮೊದಲೇ ಹೇಳಿ.

ಮಂಗನ ಕಾಯಿಲೆಯ ಬಗ್ಗೆ ಫಾರ್ವರ್ಡ್ ಬಂದರೆ, ಕಳಿಸುವ ಮುನ್ನ ಅದರಲ್ಲಿ ‘ಉಣುಗು’ ಎಂಬ ಪದ ಇದೆಯೇ ನೋಡಿ. ಇಲ್ಲದಿದ್ದರೆ ಮುಖ್ಯ ವಿಷಯವೇ ತಪ್ಪಿಹೋಗಿದೆ ಎಂದರ್ಥ.